ಪಾಚಿಯ ಒಡಲಿನಲ್ಲಿ ಬೆಳಕಿನ ಕಾಯಕ

(ಶ್ರೀಮಠದ ಮಹೋತ್ಸವದ ವಿಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ಷಟ್‌ಸ್ಥಲದ ಮೇಲೆಯೂ ವಚನವಾಙ್ಮಯದ ಮೇಲೆಯೂ ಘನವಿದ್ವಾಂಸರು ಉಪನ್ಯಾಸಗಳನ್ನು ಮಾಡಿರುವಾಗ, ಪಾಚಿಯನ್ನು ಕುರಿತು ಮಾತನಾಡಲು ನಿಂತವನನ್ನು ಕಂಡು ಕೆಲವರಿಗೆ ನಗೆ ಬಂದೀತು. ವಿಷಯವನ್ನು ಆರಿಸಿದವನು ನಾನಲ್ಲ. ಕಳೆದ ಬೇಸಗೆಯಲ್ಲಿ ಶ್ರೀಮಠದ ಪುಷ್ಕರಣಿಯ ನೀರು ನೀಲಿ ಬೆರೆತ ಹಸುರಿಗೆ ತಿರುಗಿ, ಯಾರೋ ಬಣ್ಣವನ್ನು ಚೆಲ್ಲಿದರೋ ಎಂಬಂತೆ ಮೇಲೆ ಕೆನೆಗಟ್ಟಿದುದನ್ನು ತಾವೆಲ್ಲರೂ ನೋಡಿದ್ದೀರಿ. ಮೈಲುತುತ್ತವನ್ನು ಕರಗಿಸಿ ಸುರಿದು ಒಂದೇ ದಿನದಲ್ಲಿ ಅದನ್ನು ತೊಲಗಿಸೋಣವೆಂದು ಕೆಲವರು ಹೇಳಿದರು. ಮಠದ ನೀರಿಗೆ ದೋಷವೆಲ್ಲಿಯದು, ಇದ್ದಂತೆ ಇರಲಿ ಎಂದು ಮತ್ತೆ ಕೆಲವರು ಹೇಳಿದರು. ಎರಡು ಪಕ್ಷದವರೂ ಸಸ್ಯಶಾಸ್ತ್ರವನ್ನು ಕಲಿಸುವವನೆಂಬ ಕಾರಣದಿಂದ ನನ್ನ ಬಳಿಗೆ ಬಂದರು. ಶ್ರೀಗಳವರಾದರೋ, ಕೊಲ್ಲುವ ಮಾತೂ ಬೇಡ, ಇಟ್ಟುಕೊಳ್ಳುವ ಮಾತೂ ಬೇಡ, ಮೊದಲು ಅದು ಏನೆಂಬುದನ್ನು ಭಕ್ತರಿಗೆ ತಿಳಿಯಹೇಳಬೇಕೆಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯನ್ನು ಶಿರಸಾ ವಹಿಸಿ ಬಂದಿದ್ದೇನೆ.

ಒಂದು ಮಾತನ್ನು ಆರಂಭದಲ್ಲಿಯೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಹೇಳುವ ಸಂಗತಿಗಳನ್ನು ನಮ್ಮ ಪೂರ್ವಿಕರು ಎಂದೋ ಅರಿತಿದ್ದರೆಂದು ಹೇಳಿ ಚಪ್ಪಾಳೆಯನ್ನು ಗಿಟ್ಟಿಸುವುದು ಸುಲಭ. ನಾನು ಹಾಗೆ ಹೇಳಲಾರೆ. ಇವೆಲ್ಲವೂ ಸೂಕ್ಷ್ಮಯಂತ್ರಗಳ ಸಹಾಯದಿಂದ ಈಚಿನ ಕಾಲದಲ್ಲಿ ಕಂಡುಬಂದವುಗಳು. ನುಡಿದಂತೆ ನಡೆಯಬೇಕೆಂದ ಶರಣರ ಹೆಸರಿನಲ್ಲಿ ಅವರು ಹೇಳದೆ ಇದ್ದುದನ್ನು ಹೇಳುವುದು ಅವರಿಗೆ ಮಾಡುವ ಗೌರವವಲ್ಲ.

ನಾವು ಪಾಚಿಯೆಂದು ಕರೆಯುವುದರಲ್ಲಿ ಅನೇಕ ಜಾತಿಗಳುಂಟು. ಪುಷ್ಕರಣಿಯಲ್ಲಿ ತೇಲಿದ್ದುದು ನೀಲಿ-ಹಸಿರು ಪಾಚಿಯೆಂದು ಹಿಂದಿನ ಗ್ರಂಥಗಳು ಹೇಳುವ, ಈಗಿನ ವಿದ್ವಾಂಸರು ಸಯಾನೋಬ್ಯಾಕ್ಟೀರಿಯಾ ಎಂದು ಹೆಸರಿಸುವ ಜೀವಿ. ಮಳೆಗಾಲದಲ್ಲಿ ಕಲ್ಲುಮೆಟ್ಟಿಲುಗಳ ಮೇಲೆ ಕಾಲು ಜಾರಿಸುವ ಲೋಳೆಯಲ್ಲಿಯೂ, ಹಳೆಯ ಕಲ್ಲುಮಂಟಪಗಳ ಮೇಲಣ ಕರಿಯ ಕಲೆಗಳಲ್ಲಿಯೂ ಇದರ ದಾಯಾದಿಗಳೇ ಇರುವುವು. ಭತ್ತದ ಗದ್ದೆಯ ನಿಂತ ನೀರಿನಲ್ಲಿ ಇದರ ಕೆಲವು ಬಗೆಗಳು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಗೊಬ್ಬರವನ್ನು ಒದಗಿಸುವುವೆಂಬುದನ್ನು ಪಿ. ಕೆ. ಡೇ ಎಂಬವರು 1939ರಲ್ಲಿ ಪ್ರಕಟಿಸಿದರು. ತರುವಾಯ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಆರ್. ಎನ್. ಸಿಂಗ್ ಅವರು ಆ ಅಭ್ಯಾಸವನ್ನು ಬಹುಕಾಲ ಮುಂದುವರಿಸಿದರು. ಟಿ. ವಿ. ದೇಶಿಕಾಚಾರಿಯವರು 1959ರಲ್ಲಿ ಪ್ರಕಟಿಸಿದ ಗ್ರಂಥವು ಈ ಕುಲದ ವರ್ಗೀಕರಣಕ್ಕೆ ಆಧಾರಗ್ರಂಥಗಳಲ್ಲಿ ಒಂದಾಗಿದೆ.

ಈ ಜೀವಿಯ ಪ್ರಾಚೀನತೆಯನ್ನು ನೆನೆದರೆ ಮನಸ್ಸು ಬೆರಗಾಗುವುದು. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕವು ಸಂಗ್ರಹವಾಗತೊಡಗಿತು. ಅದನ್ನು ಬಿಡುಗಡೆ ಮಾಡಿದವರು ಇವರೇ. ಬೆಳಕಿನ ಬಲದಿಂದ ನೀರನ್ನು ಒಡೆಯುವ ವಿದ್ಯೆಯನ್ನು ಇವರ ಕುಲವು ಸಾಧಿಸಿತು. ಈಗ ಗಿಡಮರಗಳ ಎಲೆಯಲ್ಲಿ ಆ ಕೆಲಸವನ್ನು ಮಾಡುವ ಕ್ಲೋರೋಪ್ಲಾಸ್ಟ್ ಎಂಬ ಹಸುರು ಕಣಗಳು ಕೂಡ, ಬಹು ಹಿಂದೆ ಇನ್ನೊಂದು ಜೀವಕೋಶದ ಒಳಹೊಕ್ಕು ಅಲ್ಲಿಯೇ ನೆಲೆಸಿದ ಇಂಥ ಸೂಕ್ಷ್ಮಜೀವಿಯ ಸಂತತಿಯವೇ ಆಗಿವೆ. ರಷ್ಯದ ಮೆರೆಷ್ಕೋವ್ಸ್ಕಿ 1905ರಲ್ಲಿ ಇದನ್ನು ಹೇಳಿದಾಗ ಹೆಚ್ಚು ಮಂದಿ ಒಪ್ಪಲಿಲ್ಲ. ಅಮೆರಿಕದ ಲಿನ್ ಮಾರ್ಗುಲಿಸ್ ಎಂಬ ವಿದುಷಿಯು 1967ರಲ್ಲಿ ಅದನ್ನು ಮತ್ತೆ ಎತ್ತಿ ಪ್ರತಿಪಾದಿಸಿದ ಮೇಲೆ ಕ್ರಮವಾಗಿ ಅದು ಸರ್ವಮಾನ್ಯವಾಯಿತು. ಆದುದರಿಂದ ನಮ್ಮ ಹೊಲದ ಜೋಳದ ಎಲೆಯಲ್ಲಿ ನಡೆಯುವುದೂ ಪುಷ್ಕರಣಿಯ ಕೆನೆಯಲ್ಲಿ ನಡೆಯುವುದೂ ಮೂಲತಃ ಒಂದೇ ಕಾಯಕ.

ಇನ್ನು ಒಡಲಿನೊಳಕ್ಕೆ ಹೋಗೋಣ. ಪ್ರಯೋಗಶಾಲೆಗಳಲ್ಲಿ ಬಹಳವಾಗಿ ಪರೀಕ್ಷಿಸಲ್ಪಟ್ಟಿರುವ ಸಿನೆಕೋಸಿಸ್ಟಿಸ್ ಎಂಬ ಗುಂಡನೆಯ ಜಾತಿಯನ್ನು ತೆಗೆದುಕೊಳ್ಳುವ. ಇದರ ಆನುವಂಶಿಕ ಲಿಪಿಯನ್ನು ಜಪಾನಿನವರು 1996ರಲ್ಲಿ ಪೂರ್ಣವಾಗಿ ಓದಿದರು. ಬೆಳಕಿನಿಂದ ಬದುಕುವ ಜೀವಿಗಳಲ್ಲಿ ಹಾಗೆ ಓದಲ್ಪಟ್ಟುದು ಅದೇ ಮೊದಲು. ಅದರ ಅಡ್ಡಳತೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿನಷ್ಟು. ಅಷ್ಟು ಚಿಕ್ಕ ಒಡಲಿನ ಒಳಗೆ ಹಾಳೆಗಳನ್ನು ಒಂದರ ಮೇಲೊಂದು ಬಳಸಿಟ್ಟಂತೆ ಅನೇಕ ಪೊರೆಗಳಿವೆ. ಇವುಗಳಿಗೆ ಥೈಲಕಾಯ್ಡ್ ಎಂದು ಹೆಸರು. ಜರ್ಮನಿಯ ವಿಲ್ಹೆಲ್ಮ್ ಮೆಂಕೆ 1960ರ ದಶಕದ ಆರಂಭದಲ್ಲಿ ಚೀಲವೆಂಬ ಅರ್ಥದ ಗ್ರೀಕ್ ಶಬ್ದದಿಂದ ಈ ಹೆಸರನ್ನು ಕಟ್ಟಿದನು. ಹೆಸರು ಅನ್ವರ್ಥಕವೇ ಸರಿ. ಎರಡು ಪೊರೆಗಳು ಅಂಚಿನಲ್ಲಿ ಕೂಡಿ ಚಪ್ಪಟೆಯಾದ ಚೀಲವಾಗುವುವು. ಚೀಲಕ್ಕೆ ಒಳಗು, ಹೊರಗು ಎಂಬ ಎರಡು ಬದಿಗಳುಂಟು. ಒಂದೊಂದು ಪೊರೆಯೂ ಜಿಡ್ಡಿನ ಅಣುಗಳ ಎರಡು ಪದರಗಳಿಂದಾದುದು. ಅದರ ದಪ್ಪ ಸುಮಾರು ನಾಲ್ಕು ನ್ಯಾನೋಮೀಟರು. ನ್ಯಾನೋಮೀಟರೆಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ.

ಈ ಪೊರೆಯಲ್ಲಿ ಪ್ರೋಟೀನುಗಳಿಂದ ರಚಿತವಾದ ಯಂತ್ರಗಳು ನಾಟಿಕೊಂಡಿವೆ. ಒಂದೊಂದು ಯಂತ್ರದಲ್ಲಿಯೂ ಹಲವಾರು ಪ್ರೋಟೀನುಗಳು ಕೂಡಿಕೊಂಡಿರುವುದರಿಂದ ಇವುಗಳನ್ನು ಪ್ರೋಟೀನು ಸಂಕೀರ್ಣಗಳೆನ್ನುವರು. ಅವುಗಳ ಪರಿಚಯವಿಲ್ಲದೆ ಮುಂದಿನ ಮಾತು ತಿಳಿಯದಾದುದರಿಂದ, ದಾಸೋಹದ ಅಡುಗೆಮನೆಯಲ್ಲಿ ಯಾರು ಯಾವ ಕೆಲಸಕ್ಕೆ ನಿಂತಿರುವರೆಂಬುದನ್ನು ತೋರಿಸುವಂತೆ ತೋರಿಸುತ್ತೇನೆ.

ಮೊದಲು ಬೆಳಕನ್ನು ಪಡೆದು ನೀರನ್ನು ಒಡೆಯುವುದು ಎರಡನೆಯ ದ್ಯುತಿವ್ಯವಸ್ಥೆ. ಮೊದಲು ಕೆಲಸಮಾಡುವುದಕ್ಕೆ ಎರಡನೆಯದೆಂಬ ಹೆಸರು ವಿಚಿತ್ರವಾಗಿ ಕಾಣುವುದು. ಕೆಲಸದ ಅನುಕ್ರಮವು ಇತ್ಯರ್ಥವಾಗುವುದಕ್ಕೆ ಮುನ್ನವೇ ಅಂಕಿತಗಳು ಬಿದ್ದುಹೋದುವು, ಬದಲಾಯಿಸಲು ಯಾರೂ ಮನಸ್ಸು ಮಾಡಲಿಲ್ಲ. ಇದು ಜೋಡಿಯಾಗಿ ಇರುವುದು. ಜೋಡಿಯ ಒಂದೊಂದು ಪಾಲಿನಲ್ಲಿಯೂ ಸುಮಾರು ಇಪ್ಪತ್ತು ಪ್ರೋಟೀನುಗಳೂ 35 ಪತ್ರಹರಿತ್ತಿನ ಅಣುಗಳೂ ಇವೆ. ಇದರ ಹೃದಯಸ್ಥಾನದಲ್ಲಿ ನಾಲ್ಕು ಮ್ಯಾಂಗನೀಸು, ಒಂದು ಕ್ಯಾಲ್ಸಿಯಂ, ಐದು ಆಮ್ಲಜನಕದ ಪರಮಾಣುಗಳಿಂದಾದ ಪುಟ್ಟ ಗಂಟೊಂದಿದೆ. ಬಿಸಿನೀರಿನ ಬುಗ್ಗೆಯಲ್ಲಿ ವಾಸಿಸುವ ಜಾತಿಯೊಂದರಿಂದ ಇದನ್ನು ಹರಳಾಗಿ ಪಡೆದು, ಜಪಾನಿನ ಶೆನ್, ಕಾಮಿಯ ಮತ್ತು ಅವರ ಸಂಗಡಿಗರು 2011ರಲ್ಲಿ ಒಂದೊಂದು ಪರಮಾಣುವಿನ ಸ್ಥಾನವನ್ನೂ ಗುರುತಿಸಿದರು. ಅದು ಓರೆಯಾದ ಕುರ್ಚಿಯ ಆಕಾರದಲ್ಲಿ ಕಂಡಿತು. ನಾಲ್ಕು ಸಲ ಬೆಳಕಿನ ಪೆಟ್ಟು ಬಿದ್ದರೆ ಎರಡು ನೀರಿನ ಅಣುಗಳು ಒಡೆದು ಒಂದು ಆಮ್ಲಜನಕದ ಅಣುವೂ, ನಾಲ್ಕು ಎಲೆಕ್ಟ್ರಾನೆಂಬ ವಿದ್ಯುತ್ಕಣಗಳೂ, ನಾಲ್ಕು ಪ್ರೋಟಾನುಗಳೂ ದೊರೆಯುವುವು. ನಾವು ಈ ಮಂಟಪದಲ್ಲಿ ಕುಳಿತು ಉಸಿರಾಡುತ್ತಿರುವ ಆಮ್ಲಜನಕವೆಲ್ಲವೂ ಇಂಥ ಗಂಟುಗಳ ಮೂಲಕವೇ ಬಂದುದೆಂದು ಹೇಳಬಹುದು.

ಹೀಗೆ ಹೊರಟ ವಿದ್ಯುತ್ಕಣವನ್ನು ಪ್ಲಾಸ್ಟೋಕ್ವಿನೋನ್ ಎಂಬ ಚಿಕ್ಕ ಅಣುವು ಪೊರೆಯ ಜಿಡ್ಡಿನೊಳಗೆ ಈಜುತ್ತ ಸೈಟೋಕ್ರೋಮ್ ಸಂಕೀರ್ಣಕ್ಕೆ ಒಯ್ಯುವುದು. ಇದು ನಡುವಣ ಕಟ್ಟೆ. ಇಲ್ಲಿ ಪ್ರೋಟಾನುಗಳು ಚೀಲದ ಒಳಬದಿಗೆ ಸೇರುವುವು. ಅಲ್ಲಿಂದ ಪ್ಲಾಸ್ಟೋಸಯನಿನ್ ಎಂಬ ತಾಮ್ರವುಳ್ಳ ಪುಟ್ಟ ಪ್ರೋಟೀನು ವಿದ್ಯುತ್ಕಣವನ್ನು ಹೊತ್ತು ಚೀಲದ ಒಳಬದಿಯಲ್ಲಿ ಸಾಗಿ ಮೊದಲನೆಯ ದ್ಯುತಿವ್ಯವಸ್ಥೆಗೆ ಮುಟ್ಟಿಸುವುದು. ತಾಮ್ರವು ಸಾಲದಿದ್ದರೆ ಅನೇಕ ಜಾತಿಗಳು ಕಬ್ಬಿಣವುಳ್ಳ ಇನ್ನೊಂದು ಪ್ರೋಟೀನನ್ನು ಆ ಕೆಲಸಕ್ಕೆ ನೇಮಿಸಿಕೊಳ್ಳುವುವು. ಮೊದಲನೆಯ ವ್ಯವಸ್ಥೆಯು ಬೆಳಕಿನಿಂದ ವಿದ್ಯುತ್ಕಣವನ್ನು ಮತ್ತೊಮ್ಮೆ ಎತ್ತರಿಸಿ ಇಂಗಾಲಾಮ್ಲವಾಯುವನ್ನು ಆಹಾರವನ್ನಾಗಿ ಮಾಡುವ ಕೆಲಸಕ್ಕೆ ಕಳುಹಿಸುವುದು. ಚೀಲದೊಳಗೆ ಒತ್ತಾಗಿ ಕೂಡಿದ ಪ್ರೋಟಾನುಗಳು ಹೊರಬರುವಾಗ ಇನ್ನೊಂದು ಯಂತ್ರವನ್ನು ನೀರು ಗಾಲಿಯನ್ನು ತಿರುಗಿಸುವಂತೆ ತಿರುಗಿಸುವುವು. ಅದರಿಂದ ಜೀವಕೋಶದ ನಾಣ್ಯವೆನಿಸಿದ ಎ.ಟಿ.ಪಿ. ಹುಟ್ಟುವುದು.

ಮೊದಲನೆಯ ದ್ಯುತಿವ್ಯವಸ್ಥೆಯು ಎಲೆಗಳಲ್ಲಿ ಒಂಟಿಯಾಗಿರುವುದು. ಈ ಪಾಚಿಗಳಲ್ಲಿಯೋ ಸಾಮಾನ್ಯವಾಗಿ ಮೂರು ಕೂಡಿ ಮೂರೆಸಳಿನ ಹೂವಿನಂತೆ ಇರುವುದು. ಕೆಲವು ಜಾತಿಗಳಲ್ಲಿ ನಾಲ್ಕು ಕೂಡಿರುವುದೂ ಉಂಟು. ಒಂದು ಎಸಳಿನಲ್ಲಿ 96 ಪತ್ರಹರಿತ್ತಿನ ಅಣುಗಳಿರುವುವೆಂದು 2001ರಲ್ಲಿ ಬರ್ಲಿನ್ನಿನ ವಿದ್ವಾಂಸರು ಹರಳಿನ ಪರೀಕ್ಷೆಯಿಂದ ಎಣಿಸಿದರು. ಮೂರೆಸಳಿಗೆ 288 ಆದವು. ಈ ಪಾಚಿಗಳಲ್ಲಿ ಮೊದಲನೆಯ ವ್ಯವಸ್ಥೆಯ ಸಂಖ್ಯೆಯು ಎರಡನೆಯದಕ್ಕಿಂತ ಬಹುವಾಗಿ ಹೆಚ್ಚಾಗಿರುವುದರಿಂದ, ಒಡಲಿನ ಪತ್ರಹರಿತ್ತಿನ ಬಹುಭಾಗವು ಇದರಲ್ಲಿಯೇ ಇರುವುದು.

ಪತ್ರಹರಿತ್ತು ಹಸುರು, ನೀಲಿ ಎಲ್ಲಿಂದ ಬಂತು? ಇಲ್ಲಿ ಸ್ವಲ್ಪ ನಿಲ್ಲಲು ತಮ್ಮ ಅಪ್ಪಣೆ ಬೇಕು, ಏಕೆಂದರೆ ಪುಷ್ಕರಣಿಯ ಪ್ರಶ್ನೆಗೆ ಉತ್ತರವು ಈ ನೀಲಿಯಲ್ಲಿಯೇ ಇದೆ.

ಪತ್ರಹರಿತ್ತು ಬೆಳಕಿನಲ್ಲಿರುವ ನೀಲಿಯನ್ನೂ ಕೆಂಪನ್ನೂ ಹೀರಿ ನಡುವಣ ಬಣ್ಣಗಳನ್ನು ಬಿಟ್ಟುಬಿಡುವುದು. ನೀರಿನೊಳಗೆ ಬದುಕುವವನಿಗೆ ಅಷ್ಟು ಬೆಳಕು ಸಾಲದು. ಆದುದರಿಂದ ಈ ಜೀವಿಯು ಪೊರೆಯ ಹೊರಬದಿಯಲ್ಲಿ ಫೈಕೋಬಿಲಿಸೋಮ್ ಎಂಬ ದೊಡ್ಡ ಕೊಡೆಗಳನ್ನು ನೆಟ್ಟುಕೊಂಡಿದೆ. ಎಲಿಸಬೆತ್ ಗ್ಯಾಂಟ್ ಮತ್ತು ಕಾಂಟಿ ಎಂಬವರು 1966ರಲ್ಲಿ ಕೆಂಪು ಪಾಚಿಯೊಂದರಲ್ಲಿ ಇವುಗಳನ್ನು ವಿವರಿಸಿದರು. ಸಿನೆಕೋಸಿಸ್ಟಿಸ್‌ನಲ್ಲಿ ಮೂರು ಉರುಳೆಗಳನ್ನು ಒಟ್ಟಿಗೆ ಪೇರಿಸಿದಂತಹ ತಿರುಳು ಪೊರೆಗೆ ಅಂಟಿಕೊಂಡಿದೆ. ಅದರಿಂದ ಆರು ಕಡ್ಡಿಗಳು ಬೀಸಣಿಗೆಯಂತೆ ಹೊರಚಾಚಿವೆ. ಕಡ್ಡಿಗಳಲ್ಲಿರುವುದು ನೀಲಿಯಾದ ಫೈಕೋಸಯನಿನ್. ತಿರುಳಿನಲ್ಲಿರುವುದು ಅದರ ಸಂಬಂಧಿ ಅಲೋಫೈಕೋಸಯನಿನ್. ಕಡ್ಡಿಗಳು ಕಿತ್ತಳೆ ಬಣ್ಣದ ಬೆಳಕನ್ನು ಹಿಡಿದು ತಿರುಳಿಗೂ, ತಿರುಳು ಪತ್ರಹರಿತ್ತಿಗೂ ದಾಟಿಸುವುವು. ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುವಂತೆ ಅಲೆಯ ಉದ್ದವು 620 ನ್ಯಾನೋಮೀಟರಿನಿಂದ 650ಕ್ಕೆ, ಅಲ್ಲಿಂದ 680ಕ್ಕೆ ಬರುವುದು. ಹಿಂದಕ್ಕೆ ಹೋಗುವುದು ಕಷ್ಟ. ಹಿಡಿದ ಬೆಳಕಿನಲ್ಲಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ಗುರಿಯನ್ನು ಮುಟ್ಟುವುದು. ಸಾಯುತ್ತಿರುವ ಕೆನೆಯು ದಡದ ಕಲ್ಲಿನ ಮೇಲೆ ಒಣಗುವಾಗ ಆಕಾಶದ ಬಣ್ಣದ ಗೆರೆಯೊಂದು ಉಳಿಯುವುದನ್ನು ನೋಡಿರಬಹುದು. ಅದು ಒಡೆದ ಒಡಲಿನಿಂದ ಸೋರಿದ ಫೈಕೋಸಯನಿನ್.

ಈ ಕೊಡೆಗಳು ಪ್ರೋಟೀನಿನಿಂದಾದವು; ಪ್ರೋಟೀನಿಗೆ ಸಾರಜನಕವು ಬೇಕು. ಒಡಲಿನ ಕರಗುವ ಪ್ರೋಟೀನಿನಲ್ಲಿ ಅರ್ಧದಷ್ಟು ಇವುಗಳಲ್ಲಿಯೇ ಇರುವುದುಂಟು. ನೀರಿನಲ್ಲಿ ಸಾರಜನಕದ ಲವಣಗಳು ಯಥೇಚ್ಛವಾಗಿದ್ದಾಗ ಜೀವಿಯು ಕೊಡೆಗಳನ್ನು ಧಾರಾಳವಾಗಿ ಕಟ್ಟುವುದು. ಗಾಳಿಯಿಂದ ಸಾರಜನಕವನ್ನು ಹಿಡಿಯಲಾರದ ಜಾತಿಗಳಿಗೆ ಕೊರತೆಯಾದರೆ ಅವು ಕೊಡೆಗಳನ್ನೇ ಕಳಚಿ, ಕರಗಿಸಿ, ಆ ಸಾರಜನಕದಿಂದ ಜೀವ ಹಿಡಿದುಕೊಳ್ಳುವುವು; ಆಗ ನೀಲಿಯು ಮಾಯವಾಗಿ ಒಡಲು ಹಳದಿಗೆ ತಿರುಗುವುದು. ಬರಗಾಲದಲ್ಲಿ ಉಗ್ರಾಣದ ಬಾಗಿಲನ್ನು ತೆರೆದಂತೆ. ಆದುದರಿಂದ ನೀರಿನ ಮೇಲೆ ಗಾಢವಾದ ನೀಲಿ-ಹಸುರು ಕಂಡಿತೆಂದರೆ ಅಲ್ಲಿ ಊಟಕ್ಕೆ ಕೊರತೆಯಿಲ್ಲವೆಂದು ಊಹಿಸಬಹುದು.

ಇನ್ನು ಮುಖ್ಯವಾದ ಪ್ರಶ್ನೆ. ಈ ಯಂತ್ರಗಳು ಪೊರೆಯಲ್ಲಿ ಹೇಗೆ ಕುಳಿತಿವೆ? ಹೇಗಾದರೂ ಕುಳಿತಿರಲಿ, ಕೆಲಸವಾದರೆ ಸಾಕಲ್ಲವೆ ಎಂದು ಕೇಳಬಹುದು. ಜಾತ್ರೆಯ ದಿನ ನಮ್ಮ ಪಂಕ್ತಿಯನ್ನು ನೆನೆಯಿರಿ. ಸಾವಿರಾರು ಜನ ಕುಳಿತಿರುವಾಗ ಅನ್ನದ ಬುಟ್ಟಿಯನ್ನು ಹೊತ್ತವನು ಹಾದುಹೋಗಲು ದಾರಿಯಿಲ್ಲದಿದ್ದರೆ, ಒಲೆಯ ಮೇಲೆ ಎಷ್ಟು ಬೆಂದರೇನು? ಪೊರೆಯಲ್ಲಿಯೂ ಯಂತ್ರಗಳ ಸಂದಣಿ ಅಷ್ಟೇ ಇದೆ. ಪ್ಲಾಸ್ಟೋಕ್ವಿನೋನ್ ಈಜಬೇಕಾದುದು ಈ ಸಂದಣಿಯ ನಡುವೆಯೇ. ಎರಡು ದ್ಯುತಿವ್ಯವಸ್ಥೆಗಳು ತೀರ ಬೆರೆತರೆ ಒಂದರ ಬೆಳಕನ್ನು ಇನ್ನೊಂದು ಸೆಳೆದುಕೊಳ್ಳುವ ಭಯ. ತೀರ ದೂರವಾದರೆ ಹೊರುವವರ ದಾರಿ ಉದ್ದವಾಗುವ ಭಯ. ವ್ಯವಸ್ಥೆಯ ಸಮಸ್ಯೆ ಇದು.

ಗಿಡದ ಎಲೆಯಲ್ಲಿ ಇದರ ಪರಿಹಾರವು ಸ್ಪಷ್ಟವಾಗಿದೆ. ಅಲ್ಲಿ ಥೈಲಕಾಯ್ಡುಗಳು ನಾಣ್ಯಗಳನ್ನು ಪೇರಿಸಿದಂತೆ ಒತ್ತಾಗಿ ಅಡಕವಾಗಿವೆ. ಅಡಕಿನೊಳಗೆ ಎರಡನೆಯ ವ್ಯವಸ್ಥೆ, ಹೊರಗಣ ಹಾಳೆಗಳಲ್ಲಿ ಮೊದಲನೆಯದು ಎಂಬುದನ್ನು 1980ರಲ್ಲಿ ಆಂಡರ್ಸನ್ ಎಂಬ ಹೆಚ್ಚುಕಡಮೆ ಒಂದೇ ಉಪನಾಮದ ಇಬ್ಬರು ವಿದ್ವಾಂಸರು ತೋರಿಸಿದರು. ಪಾಚಿಯಲ್ಲಿ ಕೊಡೆಗಳು ಪೊರೆಯ ಮೇಲೆ ಎದ್ದುನಿಂತಿರುವುದರಿಂದ ಪೊರೆಗಳು ಹಾಗೆ ಒತ್ತಿಕೊಳ್ಳಲಾರವು. ಆದಕಾರಣ ಇಲ್ಲಿ ಎಲ್ಲವೂ ಕಲಸಿದ ಅವಲಕ್ಕಿಯಂತೆ ಬೆರೆತಿರುವುದೆಂದು ಬಹುಕಾಲ ಭಾವಿಸಲಾಗಿತ್ತು. ಜೀವಕೋಶವನ್ನು ಹೆಪ್ಪುಗಟ್ಟಿಸಿ ಸೀಳಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಮಾತ್ರ ಬೇರೆ ಸೂಚನೆ ದೊರೆಯಿತು: ಎರಡನೆಯ ವ್ಯವಸ್ಥೆಯ ಜೋಡಿಗಳು ಅನೇಕ ಕಡೆ ಬಿತ್ತಿದ ಸಾಲಿನಂತೆ ಸಾಲಾಗಿ ಕುಳಿತಿದ್ದುವು.

ಕುಳಿತವು ಅಲುಗುವುವೆ? ಇದನ್ನು ತಿಳಿಯಲು ಮಲಿನೊ, ಟೋಬಿನ್, ಜೋನ್ಸ್ ಎಂಬ ಮೂವರು 1997ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಉದ್ದವಾದ ಒಡಲುಳ್ಳ ಜಾತಿಯೊಂದನ್ನು ತೆಗೆದುಕೊಂಡು, ಅದರ ಮೈಮೇಲೆ ಲೇಸರ್ ಕಿರಣದಿಂದ ಅಡ್ಡಗೆರೆಯೊಂದನ್ನು ಎಳೆದು ಅಲ್ಲಿನ ಬಣ್ಣವನ್ನು ಸುಟ್ಟುಬಿಟ್ಟರು. ಸುಟ್ಟ ಜಾಗವು ಕತ್ತಲೆಯಾಯಿತು. ಸ್ವಲ್ಪ ಹೊತ್ತಿನಲ್ಲಿ ಕೊಡೆಗಳ ಹೊಳಪು ಅಕ್ಕಪಕ್ಕದಿಂದ ಬಂದು ಗೆರೆಯನ್ನು ತುಂಬಿಬಿಟ್ಟಿತು. ಎರಡನೆಯ ವ್ಯವಸ್ಥೆಯ ಹೊಳಪು ಮಾತ್ರ ಬರಲಿಲ್ಲ, ಗೆರೆ ಗೆರೆಯಾಗಿಯೇ ಉಳಿಯಿತು. ಎಂದರೆ, ಭಾರಿಯಾದ ಕೊಡೆಗಳು ಪೊರೆಯ ಮೇಲೆ ಸರಿದಾಡುತ್ತಿವೆ. ಪೊರೆಯೊಳಗೆ ನಾಟಿದ ಯಂತ್ರವು ಸ್ಥಿರವಾಗಿದೆ. ಇದೇ ಮಲಿನೊ ಅವರ ಗುಂಪಿನವರು 2006ರಲ್ಲಿ, ತೀವ್ರವಾದ ಕೆಂಪು ಬೆಳಕು ಬಿದ್ದಾಗ ಆ ಸ್ಥಿರವಾದುದೂ ಕದಲುವುದೆಂದು ಕಂಡರು. ಪ್ರಖರವಾದ ಬೆಳಕು ಎರಡನೆಯ ವ್ಯವಸ್ಥೆಯ ಮುಖ್ಯ ಪ್ರೋಟೀನೊಂದನ್ನು ಕೆಡಿಸುವುದು. ಕೆಟ್ಟುದನ್ನು ತೆಗೆದು ಹೊಸದನ್ನು ಹಾಕುವ ಕೆಲಸವು ಎಡೆಬಿಡದೆ ನಡೆಯುತ್ತಿರಬೇಕು. ರಿಪೇರಿಗೆ ಒಯ್ಯಲು ಕದಲಿಸಲೇಬೇಕಷ್ಟೆ. ಹೀಗೆಂಬುದು ಅವರ ವಿವರಣೆ. ನನಗೂ ಇದು ಸಮಂಜಸವಾಗಿ ತೋರುತ್ತದೆ.

ಕೊಡೆಗಳು ಏಕೆ ಸರಿದಾಡುವುವು? ಒಂದು ವ್ಯವಸ್ಥೆಗೆ ಬೆಳಕು ಹೆಚ್ಚಾಗಿ ಇನ್ನೊಂದಕ್ಕೆ ಕಡಿಮೆಯಾದಾಗ ಹಂಚಿಕೆಯನ್ನು ಸರಿದೂಗಿಸುವ ಉಪಾಯವು ಪಾಚಿಗಳಲ್ಲಿದೆಯೆಂಬುದು 1969ರಿಂದ ತಿಳಿದಿದೆ. ಕೊಡೆಯು ತಾನೇ ಒಂದರಿಂದ ಇನ್ನೊಂದಕ್ಕೆ ಸರಿಯುವುದೋ, ಅಥವಾ ಕೊಡೆ ಇದ್ದಲ್ಲಿಯೇ ಇದ್ದು ಬೆಳಕಿನ ಶಕ್ತಿಯು ಎರಡನೆಯದರಿಂದ ಮೊದಲನೆಯದಕ್ಕೆ ಚೆಲ್ಲುವುದೋ ಎಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಒಮ್ಮತವಿಲ್ಲ. ಅಮೆರಿಕದ ಬ್ಲಾಂಕೆನ್‌ಶಿಪ್ ಅವರ ಗುಂಪು 2013ರಲ್ಲಿ ಕೊಡೆ ಮತ್ತು ಎರಡೂ ದ್ಯುತಿವ್ಯವಸ್ಥೆಗಳನ್ನು ರಾಸಾಯನಿಕದ ಕೊಂಡಿಗಳಿಂದ ಬಿಗಿದು, ಮೂರೂ ಕೂಡಿದ ಒಂದೇ ಮಹಾಸಂಕೀರ್ಣವನ್ನು ಹೊರತೆಗೆದು ತೋರಿಸಿತು. ಅಲ್ಲಿಗೆ ಎರಡು ವ್ಯವಸ್ಥೆಗಳು ಕೆಲವೆಡೆಯಾದರೂ ಮಗ್ಗುಲಲ್ಲಿಯೇ ಇರುವುವೆಂದಾಯಿತು.

ಆದರೆ 2017ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನವರು ಬೇರೊಂದು ಚಿತ್ರವನ್ನು ಮುಂದಿಟ್ಟರು. ಅವರು ಬಳಸಿದುದು ಕಣ್ಣಿನಿಂದ ನೋಡುವ ಯಂತ್ರವನ್ನಲ್ಲ, ತಡವಿ ನೋಡುವ ಯಂತ್ರವನ್ನು. ಅತಿ ಚೂಪಾದ ಸೂಜಿಯೊಂದು ಪೊರೆಯ ಮೇಲೆ ಹರಿದಾಡಿ, ಕುರುಡನು ಬೆರಳಿನಿಂದ ಅಕ್ಷರವನ್ನು ಓದುವಂತೆ ಉಬ್ಬುತಗ್ಗುಗಳನ್ನು ಗುರುತಿಸುವುದು. ಮೂರು ಜಾತಿಗಳ ಪೊರೆಗಳಲ್ಲಿ ಅವರಿಗೆ ಮೊದಲನೆಯ ವ್ಯವಸ್ಥೆಯ ಮೂರೆಸಳುಗಳು ಒತ್ತೊತ್ತಾಗಿ, ಕ್ರಮವಾಗಿ ಹಾಸಿದ ವಿಶಾಲ ಪ್ರದೇಶಗಳು ಕಂಡುವು. ಅಂಥ ತುಣುಕೊಂದರ ಪ್ರತಿರೂಪವನ್ನು ಅವರು ಕಟ್ಟಿದರು: 96 ಮೂರೆಸಳುಗಳು, ಒಟ್ಟು 27,648 ಪತ್ರಹರಿತ್ತಿನ ಅಣುಗಳು. ಇಷ್ಟು ಒತ್ತಾಗಿ ಕುಳಿತುದರಿಂದ ಬೆಳಕನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುವ ಪ್ರಯೋಜನವು ಹೆಚ್ಚಾಗಿ ಕಾಣಲಿಲ್ಲ. ಕಡಮೆ ಜಾಗದಲ್ಲಿ ಹೆಚ್ಚು ಯಂತ್ರಗಳನ್ನು ಕೂರಿಸುವುದೇ ಅದರ ಪ್ರಯೋಜನವೆಂದು ಅವರು ತೀರ್ಮಾನಿಸಿದರು. ಆ ಪ್ರದೇಶದೊಳಗೆ ಸೈಟೋಕ್ರೋಮ್ ಸಂಕೀರ್ಣಕ್ಕೆ ಎಡೆಯಿಲ್ಲ. ಅದರಿಂದ ವಿದ್ಯುತ್ಕಣವನ್ನು ಹೊರುವ ಪುಟ್ಟ ಪ್ರೋಟೀನು ಪೊರೆಯ ಮೈಯ ಮೇಲೆ ಬಹುದೂರ ನಡೆದು ಬಡಿಸಬೇಕು. ಪೊರೆಯೊಳಗೆ ಸಂದಣಿಯಿದ್ದರೂ ಚೀಲದ ಒಳಬದಿಯ ಓಣಿಯಲ್ಲಿ ದಾರಿ ತೆರೆದಿದೆ. ಬೇರೆ ಕಡೆಗಳಲ್ಲಿ ಎರಡು ವ್ಯವಸ್ಥೆಗಳು ಅಕ್ಕಪಕ್ಕದಲ್ಲಿರುವುದನ್ನೂ ಅವರೇ ಕಂಡರು. ಆದುದರಿಂದ 2013ರ ಮಾತೂ 2017ರ ಮಾತೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ; ಒಂದೇ ಊರಿನ ಎರಡು ಕೇರಿಗಳನ್ನು ಇಬ್ಬರು ವರ್ಣಿಸಿದಂತಾಯಿತು.

ಗಿಡದಲ್ಲಿ ಕಾಣದ ಇನ್ನೊಂದು ವಿಶೇಷವು ಇಲ್ಲಿದೆ. ಪಾಚಿಯ ಇದೇ ಪೊರೆಯಲ್ಲಿ ಉಸಿರಾಟದ ಯಂತ್ರಗಳೂ ಇವೆ. ಹಗಲಲ್ಲಿ ಗಳಿಸುವುದೂ ಇರುಳಲ್ಲಿ ಖರ್ಚುಮಾಡುವುದೂ ಒಂದೇ ಜಗುಲಿಯ ಮೇಲೆ. ಎರಡಕ್ಕೂ ಅದೇ ಪ್ಲಾಸ್ಟೋಕ್ವಿನೋನ್ ಹೊರೆಯಾಳು. ಉಸಿರಾಟದ ಯಂತ್ರಗಳಿಗೆ ಹೊಳೆಯುವ ಗುರುತನ್ನು ಕಟ್ಟಿ ನೋಡಿದವರು 2012ರಲ್ಲಿ ವರದಿ ಮಾಡಿದುದೇನೆಂದರೆ: ಮಂದವಾದ ಬೆಳಕಿನಲ್ಲಿ ಅವು ಅಲ್ಲಲ್ಲಿ ಗುಂಪುಗೂಡುವುವು, ಬೆಳಕು ಹೆಚ್ಚಿದರೆ ಪೊರೆಯ ತುಂಬ ಸಮನಾಗಿ ಹರಡಿಕೊಳ್ಳುವುವು. ಯಂತ್ರಗಳ ಸಂಖ್ಯೆಯನ್ನು ಬದಲಾಯಿಸುವುದಿಲ್ಲ, ಕೂರುವ ಜಾಗವನ್ನು ಬದಲಾಯಿಸಿದರೆ ಸಾಕು. ವಿದ್ಯುತ್ಕಣಗಳು ಹರಿಯುವ ದಾರಿ ಬೇರೆಯಾಗುವುದು. ಸ್ಥಾನವೇ ಇಲ್ಲಿ ಆಜ್ಞೆ.

ಕೊರತೆಯ ಕಾಲದಲ್ಲಿ ಇವರು ಮಾಡುವುದನ್ನು ಕೇಳಿರಿ. ಮೊದಲನೆಯ ವ್ಯವಸ್ಥೆಗೆ ಕಬ್ಬಿಣವು ಬಹಳವಾಗಿ ಬೇಕು. ನೀರಿನಲ್ಲಿ ಕಬ್ಬಿಣವು ತೀರಿದಾಗ ಹೊಸ ಯಂತ್ರಗಳನ್ನು ಕಟ್ಟಲಾರರು. ಆಗ ಕಬ್ಬಿಣದ ಅಗತ್ಯವಿಲ್ಲದ ಒಂದು ಪ್ರೋಟೀನನ್ನು ತಯಾರಿಸಿ, ಇದ್ದ ಒಂದೊಂದು ಮೂರೆಸಳಿನ ಸುತ್ತಲೂ ಹದಿನೆಂಟನ್ನು ಉಂಗುರವಾಗಿ ನಿಲ್ಲಿಸುವರು. ಆ ಹದಿನೆಂಟೂ ಬೆಳಕನ್ನು ಹಿಡಿದು ನಡುವಣ ಯಂತ್ರಕ್ಕೆ ಕೊಡುವುವು. 2001ರಲ್ಲಿ ಎರಡು ಗುಂಪುಗಳವರು ಬೇರೆಬೇರೆಯಾಗಿ ಇದನ್ನು ಕಂಡು ಒಂದೇ ಪತ್ರಿಕೆಯಲ್ಲಿ ಪ್ರಕಟಿಸಿದರು. ಎಷ್ಟೋ ವರ್ಷಗಳಿಂದ ಈ ಪಾಠವನ್ನು ಮಾಡುತ್ತಿದ್ದರೂ ಆ ಉಂಗುರದ ಚಿತ್ರವನ್ನು ತೆರೆದಾಗಲೆಲ್ಲ ನನಗೆ ಸ್ವಲ್ಪ ಹೊತ್ತು ಮಾತು ಹೊರಡುವುದಿಲ್ಲ.

ಥೈಲಕಾಯ್ಡುಗಳೇ ಇಲ್ಲದ ಜಾತಿಯೊಂದೂ ಇದೆಯೆಂಬುದನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ಸ್ವಿಟ್ಸರ್ಲೆಂಡಿನ ಸುಣ್ಣದಕಲ್ಲಿನ ಬಂಡೆಯಿಂದ ದೊರೆತು 1974ರಲ್ಲಿ ವರ್ಣಿಸಲ್ಪಟ್ಟ ಗ್ಲಿಯೋಬ್ಯಾಕ್ಟರ್ ಎಂಬುದು ಎಲ್ಲ ಯಂತ್ರಗಳನ್ನೂ ಒಡಲಿನ ಹೊರಪೊರೆಯಲ್ಲಿಯೇ ಇಟ್ಟುಕೊಂಡು ನಿಧಾನವಾಗಿ ಬದುಕುತ್ತಿದೆ. ಒಳಗೆ ಕೊಠಡಿಗಳನ್ನು ಕಟ್ಟುವುದಕ್ಕೆ ಮುಂಚಿನ ಮನೆಯ ಕುರುಹು ಅದರಲ್ಲಿ ಉಳಿದಿದೆಯೆಂದು ಹಲವರ ಮತ.

ಈಗ ಪುಷ್ಕರಣಿಗೆ ಮರಳಬೇಕು. ಕೆನೆಯ ಸ್ವಲ್ಪ ಭಾಗವನ್ನು ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಡಲಿನೊಳಗೆ ಗಾಳಿಗುಳ್ಳೆಗಳನ್ನಿಟ್ಟುಕೊಂಡು ತೇಲುವ ಮೈಕ್ರೋಸಿಸ್ಟಿಸ್ ಎಂಬುದು ಅದರಲ್ಲಿ ಬಹುಪಾಲಾಗಿತ್ತು. ಈ ಕುಲದಲ್ಲಿ ಹಲವು ತಳಿಗಳು ಯಕೃತ್ತನ್ನು ಕೆಡಿಸುವ ವಿಷವನ್ನು ಒಡಲಿನೊಳಗೆ ಇಟ್ಟುಕೊಂಡಿರುವುವು. ನೀರನ್ನು ಕುದಿಸಿದರೆ ಆ ವಿಷವು ಹೋಗುವುದಿಲ್ಲ. ಇದನ್ನು ತಾಯಂದಿರು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬ್ರೆಜಿಲ್ ದೇಶದ ಕರುವಾರು ಎಂಬ ಊರಿನಲ್ಲಿ 1996ರಲ್ಲಿ ಇಂಥ ನೀರು ರಕ್ತಶುದ್ಧಿಯ ಚಿಕಿತ್ಸೆಗೆ ಬಳಕೆಯಾಗಿ ಐವತ್ತು ಮಂದಿಗಿಂತ ಹೆಚ್ಚು ರೋಗಿಗಳು ಪ್ರಾಣವನ್ನು ಕಳೆದುಕೊಂಡರು. ಆದುದರಿಂದ ಮಠದ ನೀರಿಗೆ ದೋಷವಿಲ್ಲವೆಂಬ ಪಕ್ಷದವರಿಗೆ ನನ್ನ ಬಿನ್ನಹವೇನೆಂದರೆ, ಕೆನೆಯಿರುವ ದಿನಗಳಲ್ಲಿ ಆ ನೀರನ್ನು ಮನುಷ್ಯರೂ ಕುಡಿಯಬಾರದು, ದನಕರುಗಳಿಗೂ ಕುಡಿಸಬಾರದು. ಭಕ್ತಿಯು ವಿಷಕ್ಕೆ ಮದ್ದೆಂದು ನಂಬಿ ಮಕ್ಕಳಿಗೆ ಕುಡಿಸುವುದು ತಪ್ಪು.

ಮೈಲುತುತ್ತದ ಪಕ್ಷದವರಿಗೂ ಒಂದು ಮಾತು. ಆ ತಾಮ್ರವೇ ಅಲ್ಪ ಪ್ರಮಾಣದಲ್ಲಿ ಪೊರೆಯೊಳಗೆ ಕೆಲಸಮಾಡುವುದನ್ನು ಆಗಲೇ ಹೇಳಿದೆ. ಅತಿಯಾದರೆ ಪಾಚಿಯು ಸಾಯುವುದು ನಿಜ. ಆದರೆ ಸಾಯುವಾಗ ಒಡಲು ಒಡೆಯುವುದು. ಅಲ್ಲಿಯವರೆಗೆ ಒಳಗಿದ್ದ ವಿಷವೆಲ್ಲ ಒಮ್ಮೆಗೇ ನೀರಿಗೆ ಬರುವುದು. ನೀರು ತಿಳಿಯಾಗಿ ಕಾಣುವುದರಿಂದ ಜನರು ಅಂಜದೆ ಕುಡಿಯುವರು. ಕೊಳೆತ ಕೆನೆಯು ಆಮ್ಲಜನಕವನ್ನು ಹೀರಿಬಿಡುವುದರಿಂದ ಮೀನುಗಳೂ ಸಾಯುವುವು. ಸತ್ತುದರ ಸಾರವು ನೀರಿನಲ್ಲಿಯೇ ಉಳಿದು ಮುಂದಿನ ಬೇಸಗೆಯ ಕೆನೆಗೆ ಅದೇ ಊಟವಾಗುವುದು.

ಹಾಗಾದರೆ ಊಟವನ್ನು ಹಾಕಿದವರು ಯಾರು? ಪುಷ್ಕರಣಿಯ ಸುತ್ತ ಎರಡು ದಿನ ನಡೆದು ನೋಡಿದೆ. ದಾಸೋಹದ ಅಡುಗೆಮನೆಯ ಮುಸುರೆ ನೀರು ಕಲ್ಲುಮೋರಿಯಲ್ಲಿ ಹರಿದು ಈಶಾನ್ಯದ ಮೂಲೆಯಿಂದ ಒಳಕ್ಕೆ ಬೀಳುತ್ತಿದೆ. ಪ್ರಸಾದನಿಲಯದ ಬಟ್ಟೆ ಒಗೆಯುವ ಕಲ್ಲುಗಳ ಸಾಬೂನು ನೀರೂ ಅಲ್ಲಿಗೇ ಸೇರುತ್ತಿದೆ. ಇವುಗಳಲ್ಲಿರುವ ಸಾರಜನಕ, ರಂಜಕಗಳೇ ಆ ನೀಲಿ ಕೊಡೆಗಳಾಗಿ ಮೇಲೆ ತೇಲಿದುದು. ಅದೇ ಮೋರಿಯಲ್ಲಿ ಬಾಲ್ಯದಲ್ಲಿ ಆರು ವರ್ಷ ತಟ್ಟೆ ತೊಳೆದವನು ನಾನು. ಅನ್ನವನ್ನಿಕ್ಕಿ ಓದಿಸಿದ ಮನೆಯ ಮೋರಿಯ ಕಡೆಗೆ ಬೆರಳು ತೋರಿಸುವುದು ನನಗೆ ಸುಲಭವಾಗಲಿಲ್ಲ. ಹೇಳದೆ ಇರುವುದೂ ಸರಿಯೆನಿಸಲಿಲ್ಲ. ಶ್ರೀಗಳವರಿಗೆ ಅರಿಕೆ ಮಾಡಿಕೊಂಡಾಗ ಅವರು ಕ್ಷಣಕಾಲ ಸುಮ್ಮನಿದ್ದು, ಮೋರಿಯನ್ನು ತೋಟದ ಬಾಳೆಯ ಪಾತಿಗಳ ಕಡೆಗೆ ತಿರುಗಿಸಲು ಎಷ್ಟು ಕಲ್ಲು ಬೇಕೆಂದು ಕೇಳಿದರು. ಕೆಲಸವು ಮುಂದಿನ ಸೋಮವಾರದಿಂದ ಆರಂಭವಾಗುವುದು. ಕೈಗೂಡಿಸಲು ಇಷ್ಟವುಳ್ಳವರು ಗುದ್ದಲಿಯೊಡನೆ ಬರಬಹುದು. ಕೆನೆಯು ಒಂದೇ ವರ್ಷದಲ್ಲಿ ಹೋಗುವುದೆಂದು ಭರವಸೆ ಕೊಡಲಾರೆ. ತಳದ ಹೂಳಿನಲ್ಲಿ ಹಳೆಯ ರಂಜಕವು ಬಹಳವಾಗಿರುವುದರಿಂದ ಬೇಸಗೆಯಲ್ಲಿ ಹೂಳನ್ನೂ ಎತ್ತಬೇಕಾದೀತು.

ಪುಷ್ಕರಣಿಯ ನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಎರಡು ಸೂಕ್ಷ್ಮದರ್ಶಕಗಳನ್ನು ಪಕ್ಕದ ಪಡಸಾಲೆಯಲ್ಲಿ ಇರಿಸಲಾಗಿದೆ. ಥೈಲಕಾಯ್ಡು, ಕೊಡೆಗಳು ಅದರಲ್ಲಿ ಕಾಣವು. ಅವುಗಳಿಗೆ ಬೇರೆ ಯಂತ್ರಗಳೇ ಬೇಕು. ಆದರೆ ಗುಂಪುಗಟ್ಟಿದ ಪುಟ್ಟ ಗುಂಡುಗಳೂ ಅವುಗಳೊಳಗೆ ಕಪ್ಪಾಗಿ ತೋರುವ ಗಾಳಿಗುಳ್ಳೆಗಳೂ ಚೆನ್ನಾಗಿ ಕಾಣುವುವು. ಮೊದಲು ಮಕ್ಕಳಿಗೆ ನೋಡಲು ಎಡೆಮಾಡಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.